ಎರವಲು ತಂದ ನಾಲ್ಕು ಸಾಲು

ತಂತ್ರಾಂಶ ರಚನೆಯ ಉದ್ಯೋಗದಲ್ಲಿರುವ ಮಕ್ಕಳ ತಂದೆತಾಯಿಯರು ಆಗಾಗ ಒಂದು ಪ್ರಶ್ನೆಯನ್ನು ಕೇಳುವುದುಂಟು: “ನಮ್ಮ ಹುಡುಗ ದಿನವಿಡೀ ಗಣಕಯಂತ್ರದ ಮುಂದೆ ಕುಳಿತಿರುತ್ತಾನೆ. ಎಲ್ಲಿಂದಲೋ ನಾಲ್ಕು ಸಾಲು ತೆಗೆದು ಇಲ್ಲಿ ಅಂಟಿಸುತ್ತಾನೆ, ಕೆಲಸ ಮುಗಿಯಿತು ಎನ್ನುತ್ತಾನೆ. ಇದು ನಕಲು ಹೊಡೆದಂತೆ ಆಗಲಿಲ್ಲವೇ? ಇದಕ್ಕೂ ಸಂಬಳ ಕೊಡುತ್ತಾರೆಯೇ?”

ಪ್ರಶ್ನೆ ಸಹಜವಾದುದೇ. ಪರೀಕ್ಷಾ ಕೊಠಡಿಯಲ್ಲಿ ಪಕ್ಕದವನ ಉತ್ತರ ನೋಡಿ ಬರೆದರೆ ಅದು ಅಪರಾಧವೆಂದು ಮಕ್ಕಳಿಗೆ ಕಲಿಸಿದವರು ನಾವೇ ಅಲ್ಲವೇ? ಆದರೆ ಕಸುಬಿನ ಲೋಕದ ನೀತಿ ಪರೀಕ್ಷೆಯ ನೀತಿಗಿಂತ ಬೇರೆ. ಬಡಗಿಯು ಪ್ರತಿ ಬಾಗಿಲಿಗೂ ಹೊಸದಾಗಿ ಉಳಿಯನ್ನು ಕಾಸಿ ಬಡಿದು ಮಾಡಿಕೊಳ್ಳುವುದಿಲ್ಲ. ಅಡುಗೆಯವರು ಪ್ರತಿದಿನವೂ ಸಾರಿನ ಪುಡಿಯನ್ನು ಹುರಿದು ಕುಟ್ಟುವುದಿಲ್ಲ. ಅಂತೆಯೇ ಗಣಕಯಂತ್ರಕ್ಕೆ ಆದೇಶಗಳನ್ನು ಬರೆಯುವವರು, ಅಂದರೆ ಕ್ರಮವಿಧಿಕಾರರು, ಪದೇ ಪದೇ ಬೇಕಾಗುವ ಸಣ್ಣಪುಟ್ಟ ಕೆಲಸಗಳಿಗೆ ಸಿದ್ಧವಾದ ಕೆಲವು ಸಾಲುಗಳನ್ನು ಸಂಗ್ರಹಿಸಿಟ್ಟುಕೊಂಡಿರುತ್ತಾರೆ. ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವುದು, ಎರಡು ದಿನಾಂಕಗಳ ನಡುವಿನ ಅಂತರವನ್ನು ಲೆಕ್ಕ ಹಾಕುವುದು, ನೂರು ಕಡತಗಳ ಹೆಸರನ್ನು ಒಮ್ಮೆಗೇ ಬದಲಾಯಿಸುವುದು, ಇಂಥವು. ಈ ಸಾಲುಗಳಿಗೆ ಅವರ ಆಡುಮಾತಿನಲ್ಲಿ ‘ಸ್ನಿಪೆಟ್’ ಎಂದು ಹೆಸರು. ನಾವು ‘ತುಣುಕು’ ಎನ್ನೋಣ.

ಆದುದರಿಂದ ಎರವಲು ತರುವುದು ತಪ್ಪಲ್ಲ. ಅರ್ಥ ಮಾಡಿಕೊಳ್ಳದೆ ತರುವುದು ತಪ್ಪು. ಈ ಎರಡರ ನಡುವಣ ಅಂತರ ಎಷ್ಟು ದೊಡ್ಡದು, ಅದನ್ನು ಮರೆತಾಗ ಏನೇನು ಸಂಭವಿಸಿದೆ, ತುಣುಕುಗಳನ್ನು ಬಳಸುವವರು ಯಾವ ಶಿಸ್ತನ್ನು ಪಾಲಿಸಬೇಕು ಎಂಬುದನ್ನು ಈ ತಿಂಗಳು ನೋಡೋಣ. ಈ ಉದ್ಯೋಗಕ್ಕೆ ಕಾಲಿಡುತ್ತಿರುವ ನಮ್ಮ ತರುಣ ತರುಣಿಯರಿಗೆ ಇದು ನೇರವಾಗಿ ಉಪಯೋಗವಾದೀತು. ಮನೆಯ ಹಿರಿಯರಿಗೆ ಮಕ್ಕಳ ಕೆಲಸದ ಸ್ವರೂಪ ತಿಳಿದೀತು.

ಉಕ್ಕಿನ ಕಪಾಟಿನಿಂದ ಆರಂಭ

ಎರವಲಿನ ಈ ಪದ್ಧತಿ ಆಧುನಿಕ ಗಣಕಯಂತ್ರದಷ್ಟೇ ಹಳೆಯದು. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಮಾರಿಸ್ ವಿಲ್ಕ್ಸ್ ಅವರ ನೇತೃತ್ವದಲ್ಲಿ ನಿರ್ಮಾಣವಾದ ‘ಎಡ್ಸಾಕ್’ ಯಂತ್ರವು 1949ರ ಮೇ 6ರಂದು ತನ್ನ ಮೊದಲ ಲೆಕ್ಕವನ್ನು ಮಾಡಿತು. ಅದಕ್ಕೆ ಆದೇಶಗಳನ್ನು ರಂಧ್ರ ಕೊರೆದ ಕಾಗದದ ಪಟ್ಟಿಗಳ ಮೂಲಕ ಉಣಿಸಲಾಗುತ್ತಿತ್ತು. ವರ್ಗಮೂಲವನ್ನು ಕಂಡುಹಿಡಿಯುವುದು, ಫಲಿತಾಂಶವನ್ನು ಅಚ್ಚು ಮಾಡುವುದು ಮುಂತಾದ ಕೆಲಸಗಳು ಪ್ರತಿಯೊಬ್ಬರಿಗೂ ಬೇಕಾಗುತ್ತಿದ್ದುದರಿಂದ, ಅಂಥ ಪಟ್ಟಿಗಳನ್ನು ಸಿದ್ಧಪಡಿಸಿ ಒಂದು ಉಕ್ಕಿನ ಕಪಾಟಿನಲ್ಲಿ ಜೋಡಿಸಿಟ್ಟಿದ್ದರು. ಬೇಕಾದವರು ಪಟ್ಟಿಯನ್ನು ತೆಗೆದು, ಯಂತ್ರದ ಸಹಾಯದಿಂದ ತಮ್ಮ ಪಟ್ಟಿಗೆ ಅದರ ಪ್ರತಿ ಮಾಡಿಕೊಂಡು, ಮತ್ತೆ ಕಪಾಟಿಗೆ ಸೇರಿಸುತ್ತಿದ್ದರು. ವಿಲ್ಕ್ಸ್, ಡೇವಿಡ್ ವೀಲರ್ ಮತ್ತು ಸ್ಟ್ಯಾನ್ಲಿ ಗಿಲ್ ಅವರು 1951ರಲ್ಲಿ ಈ ವಿಧಾನವನ್ನು ವಿವರಿಸುವ ಗ್ರಂಥವನ್ನೇ ಪ್ರಕಟಿಸಿದರು.

ಇಂದಿನ ಅಂತರಜಾಲದ ಸಂಗ್ರಹಗಳಿಗೂ ಆ ಕಪಾಟಿಗೂ ತತ್ತ್ವದಲ್ಲಿ ಭೇದವಿಲ್ಲ. ಆದರೆ ಒಂದು ವ್ಯತ್ಯಾಸವಿದೆ. ಕೇಂಬ್ರಿಜ್‌ನ ಕಪಾಟಿಗೆ ಸೇರುವ ಪಟ್ಟಿಗಳನ್ನು ಬಲ್ಲವರು ಪರೀಕ್ಷಿಸಿ ಇಡುತ್ತಿದ್ದರು. ಇಂದಿನ ಕಪಾಟಿಗೆ ಬಾಗಿಲೂ ಇಲ್ಲ, ಬೀಗವೂ ಇಲ್ಲ.

ಒಂದು ಸಾಲಿನ ಶಕ್ತಿ

ತುಣುಕಿನ ಪ್ರಯೋಜನವನ್ನು ಅರಿಯಲು ಒಂದು ಸರಳ ಉದಾಹರಣೆ ನೋಡೋಣ. ಒಂದು ಮಾಸಪತ್ರಿಕೆಗೆ ಹತ್ತು ಸಾವಿರ ಚಂದಾದಾರರಿದ್ದಾರೆ ಎಂದಿಟ್ಟುಕೊಳ್ಳಿ. ಅವರ ಊರುಗಳ ಹೆಸರು ಸಾಲಿಗೆ ಒಂದರಂತೆ ಒಂದು ಕಡತದಲ್ಲಿದೆ. ಯಾವ ಊರಿನಲ್ಲಿ ಎಷ್ಟು ಜನ ಚಂದಾದಾರರು ಎಂಬುದನ್ನು ಹೆಚ್ಚಿನಿಂದ ಕಡಿಮೆಗೆ ಪಟ್ಟಿ ಮಾಡಬೇಕು. ಕೈಯಿಂದ ಮಾಡಿದರೆ ಹಲವು ದಿನಗಳ ಕೆಲಸ. ಯುನಿಕ್ಸ್ ಅಥವಾ ಲಿನಕ್ಸ್ ವ್ಯವಸ್ಥೆಯಲ್ಲಿ ಇದಕ್ಕೆ ಮೂರು ಆದೇಶಗಳ ಒಂದೇ ಸಾಲು ಸಾಕು. ಮೊದಲನೆಯದು ‘ಸಾರ್ಟ್’: ಊರುಗಳನ್ನು ಅನುಕ್ರಮವಾಗಿ ಜೋಡಿಸುತ್ತದೆ. ಎರಡನೆಯದು ‘ಯೂನಿಕ್’; ಅದರ ಮುಂದೆ ಎಣಿಸು ಎಂಬ ಸೂಚನೆಯಾಗಿ ‘-ಸಿ’ ಎಂದು ಬರೆದರೆ, ಒಂದೇ ಬಗೆಯ ಸಾಲುಗಳನ್ನು ಒಂದಾಗಿಸಿ ಎಷ್ಟಿವೆ ಎಂದು ಹೇಳುತ್ತದೆ. ಮೂರನೆಯದು ಮತ್ತೆ ‘ಸಾರ್ಟ್’, ಈ ಸಲ ಸಂಖ್ಯೆಯ ಪ್ರಕಾರ, ಇಳಿಮುಖವಾಗಿ. ಮೂರರ ನಡುವೆ ಒಂದೊಂದು ನಿಲುಗೆರೆ. ಆ ಗೆರೆಗೆ ‘ಪೈಪ್’, ಅಂದರೆ ಕೊಳವೆ, ಎಂದು ಹೆಸರು. ಒಂದರಿಂದ ಹೊರಬಂದುದು ಕೊಳವೆಯ ಮೂಲಕ ಮುಂದಿನದಕ್ಕೆ ಹರಿಯುತ್ತದೆ. ಉತ್ತರ ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತದೆ.

ಅಮೆರಿಕದ ಬೆಲ್ ಪ್ರಯೋಗಾಲಯದ ಡಗ್ಲಸ್ ಮೆಕಿಲ್ರಾಯ್ ಅವರು 1964ರಲ್ಲೇ, ತೋಟಕ್ಕೆ ನೀರುಣಿಸುವ ಕೊಳವೆಯ ತುಂಡುಗಳನ್ನು ಒಂದಕ್ಕೊಂದು ಸೇರಿಸುವಂತೆ ಕ್ರಮವಿಧಿಗಳನ್ನೂ ಸೇರಿಸಲು ಬರಬೇಕು ಎಂದು ಒಂದು ಟಿಪ್ಪಣಿಯಲ್ಲಿ ಬರೆದಿದ್ದರು. 1973ರಲ್ಲಿ ಕೆನ್ ಥಾಮ್ಸನ್ ಅದನ್ನು ಯುನಿಕ್ಸ್‌ನಲ್ಲಿ ಸಾಧಿಸಿ ತೋರಿಸಿದರು. 1986ರಲ್ಲಿ ಒಂದು ಪ್ರಸಂಗ ನಡೆಯಿತು. ಒಂದು ಬರಹದಲ್ಲಿ ಅತಿ ಹೆಚ್ಚು ಬಾರಿ ಬರುವ ಪದಗಳನ್ನು ಪಟ್ಟಿ ಮಾಡುವ ಕ್ರಮವಿಧಿಯನ್ನು ಬರೆಯುವಂತೆ ಜಾನ್ ಬೆಂಟ್ಲಿ ಎಂಬ ಅಂಕಣಕಾರರು ಮಹಾಪಂಡಿತರಾದ ಡೊನಾಲ್ಡ್ ಕ್ನೂತ್ ಅವರನ್ನು ಕೇಳಿಕೊಂಡರು. ಕ್ನೂತ್ ಅವರು ಹಲವು ಪುಟಗಳ ಸುಂದರವಾದ ಕ್ರಮವಿಧಿಯನ್ನು ರಚಿಸಿಕೊಟ್ಟರು. ಅದನ್ನು ವಿಮರ್ಶಿಸಿದ ಮೆಕಿಲ್ರಾಯ್ ಅವರು ಆ ರಚನೆಯನ್ನು ಮೆಚ್ಚಿಕೊಂಡು, ಕೊನೆಯಲ್ಲಿ ಅದೇ ಕೆಲಸವನ್ನು ಮಾಡುವ ಆರು ಆದೇಶಗಳ ಒಂದು ಕೊಳವೆ ಸಾಲನ್ನೂ ಬರೆದು ತೋರಿಸಿದರು. ನಮ್ಮ ಊರುಗಳ ಪಟ್ಟಿಯ ತುಣುಕು ಆ ಆರರಲ್ಲಿ ಮೂರು.

ಈಗ ಗಮನಿಸಬೇಕಾದ ವಿಷಯ ಇದು. ‘ಯೂನಿಕ್’ ಆದೇಶವು ಅಕ್ಕಪಕ್ಕದ ಸಾಲುಗಳನ್ನು ಮಾತ್ರ ಹೋಲಿಸುತ್ತದೆ. ಮೊದಲಿನ ‘ಸಾರ್ಟ್’ ಅನ್ನು ಯಾರಾದರೂ ಅನಾವಶ್ಯಕವೆಂದು ತೆಗೆದುಹಾಕಿದರೆ, ಧಾರವಾಡವು ಹತ್ತು ಕಡೆ ಚದುರಿದ್ದರೆ ಹತ್ತು ಬಾರಿ ಬೇರೆ ಬೇರೆಯಾಗಿ ಎಣಿಸಲ್ಪಡುತ್ತದೆ. ಯಂತ್ರ ಯಾವ ತಪ್ಪನ್ನೂ ಸೂಚಿಸುವುದಿಲ್ಲ. ಉತ್ತರ ಬರುತ್ತದೆ, ಆದರೆ ಸುಳ್ಳು ಉತ್ತರ ಬರುತ್ತದೆ. ಮೊದಲ ‘ಸಾರ್ಟ್’ ಅಲ್ಲಿ ಏಕಿದೆ ಎಂದು ಬಲ್ಲವನು ಅದನ್ನು ಮುಟ್ಟುವುದಿಲ್ಲ. ಬರಿದೆ ಅಂಟಿಸಿಕೊಂಡವನು ಒಂದು ದಿನ ಮುಟ್ಟಿಯೇ ತೀರುತ್ತಾನೆ.

ಇನ್ನೊಂದು ಬಳಕೆಯ ಉಪಕರಣ ‘ಆಕ್’. ಆಹೋ, ವೈನ್‌ಬರ್ಗರ್, ಕರ್ನಿಗನ್ ಎಂಬ ಮೂವರು 1977ರಲ್ಲಿ ರೂಪಿಸಿದ ಇದಕ್ಕೆ ಅವರ ಹೆಸರುಗಳ ಮೊದಲ ಅಕ್ಷರಗಳೇ ಹೆಸರಾದವು. ದಾಸೋಹಕ್ಕೆ ಬಂದ ಕಾಣಿಕೆಯ ಪಟ್ಟಿಯಿದೆ ಎನ್ನಿ. ಅದರಲ್ಲಿನ ಎರಡನೆಯ ಸಾಲುಗಂಬದ ಮೊತ್ತವನ್ನು ಕೂಡಿಸಲು ಇದರಲ್ಲಿ ಅರ್ಧ ಸಾಲು ಸಾಕು. ಆದರೆ ಗುಮಾಸ್ತರು ಮೊತ್ತವನ್ನು ‘1,250’ ಎಂದು ಅಲ್ಪವಿರಾಮ ಹಾಕಿ ಬರೆದಿದ್ದರೆ, ‘ಆಕ್’ ಅಲ್ಪವಿರಾಮದವರೆಗೆ ಓದಿ ಅಲ್ಲಿಗೇ ನಿಲ್ಲುತ್ತದೆ. ಒಂದು ಸಾವಿರದ ಇನ್ನೂರೈವತ್ತು ರೂಪಾಯಿ ಬರಿಯ ಒಂದು ರೂಪಾಯಿ ಆಗುತ್ತದೆ. ಇಲ್ಲಿಯೂ ಎಚ್ಚರಿಕೆಯ ಗಂಟೆ ಬಾರಿಸುವುದಿಲ್ಲ.

ಅಂಚಿನಲ್ಲಿ ಅಡಗಿರುವ ದೋಷ

ತುಣುಕುಗಳ ದೋಷಗಳು ಸಾಮಾನ್ಯವಾಗಿ ನಡುವೆ ಇರುವುದಿಲ್ಲ, ಅಂಚಿನಲ್ಲಿ ಇರುತ್ತವೆ. ವರ್ಷದ ಕೊನೆಯ ದಿನ, ಅತಿ ದೊಡ್ಡ ಸಂಖ್ಯೆ, ಏನೂ ಇಲ್ಲದ ಖಾಲಿ ಹೆಸರು, ಇವೇ ಆ ಅಂಚುಗಳು. ಇವುಗಳಿಗೆ ಪ್ರಸಿದ್ಧವಾದ ಮೂರು ನಿದರ್ಶನಗಳಿವೆ.

ಮೊದಲನೆಯದು ದಿನಾಂಕದ್ದು. 2008ರ ಡಿಸೆಂಬರ್ 31ರಂದು ಮೈಕ್ರೋಸಾಫ್ಟ್ ಸಂಸ್ಥೆಯ ‘ಝೂನ್’ ಎಂಬ ಸಂಗೀತ ಸಾಧನದ 30 ಗಿಗಾಬೈಟ್ ಮಾದರಿಯವು ಏಕಕಾಲಕ್ಕೆ ಸ್ತಬ್ಧವಾದವು. ಒಳಗಿದ್ದ ಗಡಿಯಾರದ ಕೆಲವೇ ಸಾಲುಗಳು ಅದಕ್ಕೆ ಕಾರಣ. ದಿನಗಳ ಸಂಖ್ಯೆ 365ಕ್ಕಿಂತ ಹೆಚ್ಚಿರುವವರೆಗೂ ಒಂದೊಂದು ವರ್ಷವನ್ನು ಕಳೆಯುತ್ತಾ ಹೋಗು ಎಂಬುದು ಆದೇಶ. ವರ್ಷವು ಅಧಿಕವರ್ಷವಾಗಿದ್ದರೆ, ದಿನಗಳು 366ಕ್ಕಿಂತ ಹೆಚ್ಚಿದ್ದಾಗ ಮಾತ್ರ 366ನ್ನು ಕಳೆ ಎಂಬುದು ಅದರೊಳಗಿನ ಉಪಾದೇಶ. 2008 ಅಧಿಕವರ್ಷ, ಡಿಸೆಂಬರ್ 31 ಅದರ 366ನೆಯ ದಿನ. 366 ಎಂಬುದು 365ಕ್ಕಿಂತ ಹೆಚ್ಚು, ಆದುದರಿಂದ ಸುತ್ತು ನಿಲ್ಲುವಂತಿಲ್ಲ. 366ಕ್ಕಿಂತ ಹೆಚ್ಚಲ್ಲ, ಆದುದರಿಂದ ಕಳೆಯುವಂತಿಲ್ಲ. ಗಾಣದ ಎತ್ತಿನಂತೆ ಯಂತ್ರ ಅಲ್ಲಿಯೇ ಸುತ್ತತೊಡಗಿತು. ಮರುದಿನ ಹೊಸ ವರ್ಷ ಬಂದ ಮೇಲೆಯೇ ಅದಕ್ಕೆ ಬಿಡುಗಡೆ. ಆ ಸಾಲುಗಳನ್ನು ಬೇರೆ ಯಾವ ದಿನ ಪರೀಕ್ಷಿಸಿದ್ದರೂ ಸರಿಯಾಗಿಯೇ ಕಾಣುತ್ತಿದ್ದವು.

ಎರಡನೆಯದು ಗಾತ್ರದ್ದು. ಅನುಕ್ರಮವಾಗಿರುವ ಪಟ್ಟಿಯಲ್ಲಿ ಒಂದು ಹೆಸರನ್ನು ಹುಡುಕುವಾಗ ಮಧ್ಯದ ಪುಟವನ್ನು ತೆರೆದು, ಮುಂದೆಯೋ ಹಿಂದೆಯೋ ಎಂದು ನಿರ್ಧರಿಸಿ, ಅರ್ಧ ಅರ್ಧವಾಗಿ ಬಿಡುತ್ತಾ ಹೋಗುವುದು ನಾವು ನಿಘಂಟಿನಲ್ಲಿಯೂ ಮಾಡುವ ಕೆಲಸ. ಇದಕ್ಕೆ ‘ಬೈನರಿ ಸರ್ಚ್’ ಎಂದು ಹೆಸರು. ಮೊದಲ ಸ್ಥಾನ, ಕೊನೆಯ ಸ್ಥಾನ ಎರಡನ್ನೂ ಕೂಡಿಸಿ ಎರಡರಿಂದ ಭಾಗಿಸಿದರೆ ಮಧ್ಯಸ್ಥಾನ ಸಿಗುತ್ತದೆ. ಶಾಲೆಯ ಬಾಲಕನೂ ಇದನ್ನು ಒಪ್ಪುತ್ತಾನೆ. ಆದರೆ 2006ರ ಜೂನ್‌ನಲ್ಲಿ ಜೋಶುವಾ ಬ್ಲಾಕ್ ಎಂಬ ತಜ್ಞರು ಒಂದು ದೋಷವನ್ನು ಬಹಿರಂಗಪಡಿಸಿದರು. 32 ಬಿಟ್‌ಗಳ ಪೂರ್ಣಾಂಕದ ಮಿತಿ 2,14,74,83,647. ಪಟ್ಟಿಯಲ್ಲಿ ಸುಮಾರು 107 ಕೋಟಿಗಿಂತ ಹೆಚ್ಚು ಅಂಶಗಳಿದ್ದರೆ ಆ ಕೂಡಿಕೆಯು ಮಿತಿಯನ್ನು ಮೀರಿ ಋಣಸಂಖ್ಯೆಯಾಗಿಬಿಡುತ್ತದೆ! ಬ್ಲಾಕ್ ಅವರೇ ಬರೆದಿದ್ದ, ಜಾವಾ ಭಾಷೆಯ ಅಧಿಕೃತ ಭಂಡಾರದಲ್ಲಿದ್ದ ತುಣುಕಿನಲ್ಲಿ ಈ ದೋಷವು ಸುಮಾರು ಒಂಬತ್ತು ವರ್ಷ ಯಾರ ಕಣ್ಣಿಗೂ ಬೀಳದೆ ಉಳಿದಿತ್ತು. ಬೆಂಟ್ಲಿಯವರ ಸುಪ್ರಸಿದ್ಧ ಗ್ರಂಥದಲ್ಲಿಯೂ ಅದೇ ದೋಷವಿತ್ತು. ಪರಿಹಾರ ಸುಲಭ: ಕೊನೆಯದರಲ್ಲಿ ಮೊದಲನೆಯದನ್ನು ಕಳೆದು, ಅರ್ಧ ಮಾಡಿ, ಮೊದಲನೆಯದಕ್ಕೆ ಕೂಡಿಸಬೇಕು. ಲೆಕ್ಕ ಅದೇ, ಆದರೆ ಮಿತಿ ಮೀರುವ ಭಯವಿಲ್ಲ.

ಮೂರನೆಯದು ಶೂನ್ಯದ್ದು, ಎಲ್ಲಕ್ಕಿಂತ ಭಯಂಕರವಾದದ್ದು. ವಾಲ್ವ್ ಸಂಸ್ಥೆಯ ‘ಸ್ಟೀಮ್’ ಎಂಬ ಆಟಗಳ ತಂತ್ರಾಂಶದ ಲಿನಕ್ಸ್ ಆವೃತ್ತಿಯ ಸ್ಕ್ರಿಪ್ಟಿನಲ್ಲಿ, ಇಂಥ ಕೋಶದೊಳಗಿನ ಎಲ್ಲವನ್ನೂ ಅಳಿಸು ಎಂಬ ಒಂದು ಸಾಲಿತ್ತು. ಕೋಶದ ಹೆಸರು ಒಂದು ಚರಾಂಶದಲ್ಲಿ ಇರಬೇಕಾಗಿತ್ತು. ಬಳಕೆದಾರರು ಆ ಕೋಶವನ್ನು ಬೇರೆಡೆಗೆ ಸರಿಸಿದ್ದಾಗ ಚರಾಂಶ ಖಾಲಿಯಾಯಿತು. ಹೆಸರು ಖಾಲಿಯಾದರೆ ಉಳಿಯುವ ಅರ್ಥವೇನು? ಮೂಲದಿಂದ ಮೊದಲುಗೊಂಡು ಎಲ್ಲವನ್ನೂ ಅಳಿಸು! 2015ರ ಜನವರಿಯಲ್ಲಿ ಇದು ವರದಿಯಾದಾಗ, ಒಬ್ಬ ಬಳಕೆದಾರರ ಸ್ವಂತ ಕಡತಗಳಷ್ಟೇ ಅಲ್ಲ, ಗಣಕಯಂತ್ರಕ್ಕೆ ಜೋಡಿಸಿದ್ದ ಹೊರಗಿನ ಸಂಗ್ರಹದಲ್ಲಿದ್ದ ಮರುಪ್ರತಿಗಳೂ ಅಳಿಸಿಹೋಗಿದ್ದವು. ಆ ಸಾಲಿನ ಮೇಲೆ, ಇದು ಭಯ ಹುಟ್ಟಿಸುತ್ತದೆ ಎಂಬರ್ಥದ ಒಂದು ಟಿಪ್ಪಣಿಯನ್ನು ಬರೆದವರೇ ಬರೆದಿಟ್ಟಿದ್ದರು. ಭಯ ಇತ್ತು, ಕಾವಲು ಇರಲಿಲ್ಲ. ಹೆಸರು ಖಾಲಿಯಾಗಿದ್ದರೆ ಮುಂದೆ ಸಾಗಬೇಡ ಎಂಬ ಒಂದು ಪುಟ್ಟ ನಿಬಂಧನೆ ಸಾಕಾಗಿತ್ತು.

ಒಂದು ಮನೆಯ ಮದುವೆಯ ಚಿತ್ರಗಳು, ಒಬ್ಬ ವಿದ್ಯಾರ್ಥಿಯ ಮಹಾಪ್ರಬಂಧ, ಒಂದು ಅಂಗಡಿಯ ಹತ್ತು ವರ್ಷದ ಲೆಕ್ಕ, ಇವೆಲ್ಲ ಇಂದು ಕಡತಗಳ ರೂಪದಲ್ಲಿಯೇ ಇವೆ. ಅಂಟಿಸಿದ ಒಂದು ಸಾಲಿಗೆ ಅವನ್ನು ನುಂಗುವ ಶಕ್ತಿಯಿದೆ ಎಂಬುದನ್ನು ಕ್ರಮವಿಧಿಕಾರರು ಎಂದೂ ಮರೆಯಬಾರದು.

ರೂಪಾಯಿಯೂ ಕನ್ನಡವೂ

ಮೇಲಿನವು ಎಲ್ಲ ದೇಶಗಳಿಗೂ ಸಮಾನವಾದವು. ಹೊರದೇಶದ ತುಣುಕುಗಳನ್ನು ನಮ್ಮ ಕೆಲಸಕ್ಕೆ ತಂದಾಗ ನಮಗೇ ವಿಶಿಷ್ಟವಾದ ಕೆಲವು ತೊಡಕುಗಳು ತೋರುತ್ತವೆ.

ಹಣದ ಲೆಕ್ಕವನ್ನೇ ತೆಗೆದುಕೊಳ್ಳಿ. ಬಹುತೇಕ ಕ್ರಮವಿಧಿ ಭಾಷೆಗಳಲ್ಲಿ ದಶಮಾಂಶ ಸಂಖ್ಯೆಗಳಾದ 0.1 ಮತ್ತು 0.2ನ್ನು ಕೂಡಿಸಿದರೆ 0.3 ಬರುವುದಿಲ್ಲ, 0.30000000000000004 ಬರುತ್ತದೆ. ಮೂರನೆಯ ಒಂದು ಭಾಗವನ್ನು ದಶಮಾಂಶದಲ್ಲಿ ಬರೆಯಹೊರಟರೆ 0.333 ಎಂದು ಮುಗಿಯದೆ ಸಾಗುವಂತೆ, ಹತ್ತನೆಯ ಒಂದು ಭಾಗವನ್ನು ಗಣಕಯಂತ್ರದ ದ್ವಿಮಾನ ಪದ್ಧತಿಯಲ್ಲಿ ಪೂರ್ಣವಾಗಿ ಬರೆಯಲು ಬರುವುದಿಲ್ಲ. ಆದುದರಿಂದ ಹಣವನ್ನು ರೂಪಾಯಿಯ ದಶಮಾಂಶದಲ್ಲಿಡದೆ ಪೈಸೆಗಳ ಪೂರ್ಣಾಂಕದಲ್ಲಿಟ್ಟು ಲೆಕ್ಕ ಮಾಡಿ, ತೋರಿಸುವಾಗ ಮಾತ್ರ ರೂಪಾಯಿಗೆ ಪರಿವರ್ತಿಸುವುದು ಕ್ಷೇಮ. ಇನ್ನು ಹೊರದೇಶದ ತುಣುಕು ಮೂರು ಮೂರು ಅಂಕೆಗಳಿಗೆ ಅಲ್ಪವಿರಾಮ ಹಾಕಿ 12,345,678 ಎಂದು ಅಚ್ಚು ಮಾಡಿದರೆ, ಲಕ್ಷ-ಕೋಟಿಗಳಲ್ಲಿ ಓದುವ ನಮ್ಮವರು ತಡವರಿಸುತ್ತಾರೆ. ನಮಗೆ ಬೇಕಾದುದು 1,23,45,678.

ಕನ್ನಡದ ವಿಷಯವಂತೂ ಇನ್ನೂ ಸ್ವಾರಸ್ಯಕರ. ಜಗತ್ತಿನ ಲಿಪಿಗಳಿಗೆಲ್ಲ ಸಂಕೇತಗಳನ್ನು ನೀಡುವ ‘ಯುನಿಕೋಡ್’ ವ್ಯವಸ್ಥೆಯಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ಥಾನವಿದೆ. ‘ಕರ್ನಾಟಕ’ ಎಂಬ ಪದದಲ್ಲಿ ಎಷ್ಟು ಅಕ್ಷರಗಳು? ಕ, ರ್ನಾ, ಟ, ಕ ಎಂದು ನಾವು ನಾಲ್ಕು ಎನ್ನುತ್ತೇವೆ. ಪೈಥಾನ್ ಭಾಷೆಯಲ್ಲಿ ಪದದ ಉದ್ದವನ್ನು ಕೇಳಿದರೆ ಏಳು ಎಂಬ ಉತ್ತರ ಬರುತ್ತದೆ. ಕ, ರ, ಹಲಂತ ಚಿಹ್ನೆ, ನ, ಆಕಾರದ ದೀರ್ಘ ಚಿಹ್ನೆ, ಟ, ಕ ಎಂದು ಅದು ಸಂಕೇತಗಳನ್ನು ಎಣಿಸುತ್ತದೆ. ಪದವನ್ನು ಹಿಂದುಮುಂದಾಗಿಸುವ ಅತಿ ಜನಪ್ರಿಯ ತುಣುಕನ್ನು ಈ ಪದದ ಮೇಲೆ ಪ್ರಯೋಗಿಸಿದರೆ ‘ಕಟರ್ನಾಕ’ ಬರುವುದರ ಬದಲು ‘ಕಟಾನ್ರಕ’ ಬರುತ್ತದೆ. ‘ನ’ಕಾರಕ್ಕೆ ಸೇರಿದ್ದ ದೀರ್ಘವನ್ನು ‘ಟ’ಕಾರ ಕಸಿದುಕೊಂಡಿದೆ! ವಿನೋದವೆಂದರೆ, ಅದೇ ತುಣುಕನ್ನು ‘ಕನ್ನಡ’ ಎಂಬ ಪದದ ಮೇಲೆ ಪ್ರಯೋಗಿಸಿದರೆ ‘ಡನ್ನಕ’ ಎಂಬ ಸರಿಯಾದ ಉತ್ತರವೇ ಬರುತ್ತದೆ. ಏಕೆಂದರೆ ಒತ್ತಕ್ಷರದ ಎರಡು ಬದಿಯಲ್ಲೂ ಇರುವುದು ‘ನ’ಕಾರವೇ. ಒಂದೇ ಪದವನ್ನು ಪರೀಕ್ಷಿಸಿ ತೃಪ್ತನಾದವನು ಮೋಸಹೋಗುವುದು ಹೀಗೆ.

ಕೆನ್ ಥಾಮ್ಸನ್ ಮತ್ತು ರಾಬ್ ಪೈಕ್ 1992ರಲ್ಲಿ ರೂಪಿಸಿದ, ಇಂದು ಎಲ್ಲೆಡೆ ಬಳಕೆಯಲ್ಲಿರುವ ‘ಯುಟಿಎಫ್-8’ ಪದ್ಧತಿಯಲ್ಲಿ ಒಂದು ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು. ಹೆಸರಿಗೆ 20 ಬೈಟ್ ಮೀಸಲಿಟ್ಟ ತುಣುಕಿನಲ್ಲಿ, 21 ಬೈಟ್ ಬೇಡುವ ‘ಕರ್ನಾಟಕ’ ಎಂಬ ಪದಕ್ಕೇ ಸ್ಥಳವಿಲ್ಲ! ಇನ್ನು ಅಕಾರಾದಿ ಜೋಡಣೆ. ನಮ್ಮ ವರ್ಣಮಾಲೆಯಲ್ಲಿ ‘ಳ’ಕಾರ ‘ಹ’ಕಾರದ ನಂತರ ಬರುತ್ತದೆ. ಯುನಿಕೋಡ್ ಸಂಕೇತಗಳ ಸರಣಿಯಲ್ಲಿಯಾದರೋ ಅದು ‘ಲ’ಕಾರದ ಬೆನ್ನಿಗೇ, ‘ವ’ಕಾರಕ್ಕೆ ಮೊದಲೇ ಇದೆ. ಆದುದರಿಂದ ಸಂಕೇತಗಳ ಕ್ರಮವನ್ನಷ್ಟೇ ನೋಡಿ ಜೋಡಿಸುವ ತುಣುಕು ಕಾಳಪ್ಪನವರನ್ನು ಕಾವೇರಮ್ಮನವರಿಗಿಂತ ಮುಂದೆ ಕೂರಿಸುತ್ತದೆ. ನಿಘಂಟಿನ ಕ್ರಮದಲ್ಲಿ ಕಾವೇರಮ್ಮನವರೇ ಮೊದಲು. ಭಾಷೆಯ ಕ್ರಮವನ್ನು ಬಲ್ಲ ಜೋಡಣಾ ಭಂಡಾರಗಳು ಲಭ್ಯವಿವೆ. ಅವನ್ನು ಬಳಸಬೇಕೆಂದು ತಿಳಿದಿರಬೇಕು, ಅಷ್ಟೇ. ಮತದಾರರ ಪಟ್ಟಿ, ಪಹಣಿ, ಅಂಕಪಟ್ಟಿ ಮುಂತಾದವುಗಳಲ್ಲಿ ನಮ್ಮ ಜನರ ಹೆಸರುಗಳು ಕನ್ನಡದಲ್ಲಿಯೇ ಇರುವುದರಿಂದ ಇದು ಬರಿಯ ಪಂಡಿತರ ಚರ್ಚೆಯಲ್ಲ. ಅರ್ಧಕ್ಕೆ ತುಂಡಾದ ಹೆಸರನ್ನು ಹೊತ್ತ ಕಾಗದದಿಂದ ಕಚೇರಿಯ ಬಾಗಿಲಲ್ಲಿ ನಿಂತು ತೊಂದರೆಪಡುವವರು ಬಡವರೇ.

ಹನ್ನೊಂದು ಸಾಲಿನ ಪಾಠ

ತುಣುಕನ್ನು ಪ್ರತಿ ಮಾಡಿಕೊಳ್ಳುವ ಬದಲು, ಬೇಕಾದಾಗಲೆಲ್ಲ ಅದರ ಮೂಲದಿಂದ ತರಿಸಿಕೊಳ್ಳುವ ಏರ್ಪಾಡೂ ಇದೆ. ಜಾವಾಸ್ಕ್ರಿಪ್ಟ್ ಭಾಷೆಯ ‘ಎನ್‌ಪಿಎಂ’ ಭಂಡಾರದಲ್ಲಿ ‘ಲೆಫ್ಟ್-ಪ್ಯಾಡ್’ ಎಂಬ ಹನ್ನೊಂದು ಸಾಲಿನ ತುಣುಕೊಂದಿತ್ತು. ಪದದ ಎಡಬದಿಗೆ ಖಾಲಿ ಜಾಗವನ್ನೋ ಸೊನ್ನೆಯನ್ನೋ ತುಂಬಿ ನಿಗದಿತ ಉದ್ದಕ್ಕೆ ತರುವುದಷ್ಟೇ ಅದರ ಕೆಲಸ. 2016ರ ಮಾರ್ಚ್ 22ರಂದು, ಬೇರೊಂದು ತುಣುಕಿನ ಹೆಸರಿನ ವಿಷಯದಲ್ಲಿ ಉಂಟಾದ ವಿವಾದದಿಂದ ಬೇಸತ್ತ ಅದರ ಕರ್ತೃ ತನ್ನ ಎಲ್ಲ ತುಣುಕುಗಳನ್ನೂ ಭಂಡಾರದಿಂದ ಹಿಂತೆಗೆದುಕೊಂಡರು. ತತ್‌ಕ್ಷಣವೇ ಜಗತ್ತಿನ ನಾನಾ ಕಡೆ ದೊಡ್ಡ ದೊಡ್ಡ ತಂತ್ರಾಂಶಗಳ ಕಟ್ಟಡದ ಕೆಲಸ ನಿಂತುಹೋಯಿತು. ಅವರಲ್ಲಿ ಬಹುಮಂದಿಗೆ ತಾವು ಆ ಹನ್ನೊಂದು ಸಾಲುಗಳನ್ನು ಅವಲಂಬಿಸಿದ್ದೇವೆಂಬ ಸಂಗತಿಯೇ ತಿಳಿದಿರಲಿಲ್ಲ. ತಾವು ತರಿಸಿಕೊಂಡ ಭಂಡಾರ ಇನ್ನೊಂದನ್ನು, ಅದು ಮತ್ತೊಂದನ್ನು ಅವಲಂಬಿಸಿತ್ತು. ಭಂಡಾರದ ವ್ಯವಸ್ಥಾಪಕರು ಕೆಲವೇ ಗಂಟೆಗಳಲ್ಲಿ ಅದನ್ನು ಮರಳಿ ಸ್ಥಾಪಿಸಿದರು. ಆದರೆ ಹತ್ತು ನಿಮಿಷದಲ್ಲಿ ಸ್ವತಃ ಬರೆದುಕೊಳ್ಳಬಹುದಾದುದಕ್ಕೆ ಪರರ ಬಾಗಿಲಲ್ಲಿ ನಿತ್ಯವೂ ನಿಲ್ಲಬೇಕೆ ಎಂಬ ಪ್ರಶ್ನೆ ಉಳಿದುಕೊಂಡಿತು.

ಇದಕ್ಕೆ ಪ್ರತಿಯಾದ ಇನ್ನೊಂದು ಸಂಗತಿ. ಆಂಡ್ರಿಯಾಸ್ ಲುಂಡ್‌ಬ್ಲಾಡ್ ಎಂಬ ಕ್ರಮವಿಧಿಕಾರರು 2010ರಲ್ಲಿ, ಕಡತದ ಗಾತ್ರವನ್ನು ಓದಲು ಸುಲಭವಾದ ರೂಪದಲ್ಲಿ ತೋರಿಸುವ ಜಾವಾ ತುಣುಕೊಂದನ್ನು ‘ಸ್ಟಾಕ್ ಓವರ್‌ಫ್ಲೋ’ದಲ್ಲಿ ಪ್ರಕಟಿಸಿದ್ದರು. ಅದು ಸಾವಿರಾರು ತಂತ್ರಾಂಶಗಳಲ್ಲಿ ಸೇರಿಹೋಗಿ, ಅತಿ ಹೆಚ್ಚು ನಕಲಾದ ಜಾವಾ ತುಣುಕೆಂದು ಸಂಶೋಧಕರಿಂದ ಗುರುತಿಸಲ್ಪಟ್ಟಿತು. 2019ರಲ್ಲಿ ಅವರು ಅದನ್ನು ಪುನಃ ಪರಿಶೀಲಿಸಿದಾಗ ದೋಷವೊಂದು ಕಂಡಿತು: 9,99,999 ಬೈಟ್‌ಗಳನ್ನು ಅದು 1 ಮೆಗಾಬೈಟ್ ಎನ್ನುವ ಬದಲು 1000 ಕಿಲೋಬೈಟ್ ಎನ್ನುತ್ತಿತ್ತು. ಅವರು ಅದನ್ನು ಸಾರ್ವಜನಿಕವಾಗಿ ಪ್ರಕಟಿಸಿ ತಿದ್ದಿದರು. ಪ್ರಶಂಸೆಗೆ ಅರ್ಹವಾದ ನಡತೆ. ಆದರೆ ಈಗಾಗಲೇ ಅಂಟಿಸಿಕೊಂಡ ಸಾವಿರಾರು ಪ್ರತಿಗಳಿಗೆ ಆ ತಿದ್ದುಪಡಿ ತಾನಾಗಿ ತಲುಪುವುದಿಲ್ಲ. ತುಣುಕಿನ ಜೊತೆಗೆ ಅದರ ಮೂಲವನ್ನು ಬರೆದಿಟ್ಟುಕೊಂಡವರಿಗೆ ಮಾತ್ರ ಮರಳಿ ಹೋಗಿ ನೋಡುವ ದಾರಿ ಉಂಟು.

ಪಾಲಿಸಬೇಕಾದ ಶಿಸ್ತು

ಈ ನಿದರ್ಶನಗಳಿಂದ ಕೆಲವು ನಿಯಮಗಳನ್ನು ಸಂಗ್ರಹಿಸಬಹುದು. ಕಿರಿಯ ಓದುಗರು ಇವನ್ನು ತಮ್ಮ ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಲಿ.

ಒಂದು: ತುಣುಕಿನ ಪ್ರತಿ ಸಾಲನ್ನೂ ಗಟ್ಟಿಯಾಗಿ, ತನ್ನ ಮಾತಿನಲ್ಲಿ, ಸಾಧ್ಯವಾದರೆ ಕನ್ನಡದಲ್ಲಿ, ವಿವರಿಸಿ ಹೇಳಬೇಕು. ನಾಲಗೆ ತಡವರಿಸಿದ ಸಾಲೇ ಅರ್ಥವಾಗದ ಸಾಲು.

ಎರಡು: ಅಂಚುಗಳಲ್ಲಿ ಪರೀಕ್ಷಿಸಬೇಕು. ಏನೂ ಇಲ್ಲದಾಗ, ಒಂದೇ ಒಂದು ಇರುವಾಗ, ಅತಿ ದೊಡ್ಡದಿರುವಾಗ ಏನಾಗುತ್ತದೆ? ದಿನಾಂಕವಾದರೆ ಫೆಬ್ರವರಿ 29 ಮತ್ತು ಡಿಸೆಂಬರ್ 31ನ್ನು ಕೊಟ್ಟು ನೋಡಬೇಕು. 1900 ಮತ್ತು 2100 ಅಧಿಕವರ್ಷಗಳಲ್ಲ, 2000 ಅಧಿಕವರ್ಷ ಎಂಬುದು ನೆನಪಿರಲಿ. ಪದವಾದರೆ ಒತ್ತಕ್ಷರವಿರುವ ಕನ್ನಡದ ಹೆಸರನ್ನು ಕೊಟ್ಟು ನೋಡಬೇಕು.

ಮೂರು: ಅಳಿಸುವ, ಬದಲಾಯಿಸುವ, ಸ್ಥಳಾಂತರಿಸುವ ಸಾಲನ್ನು ಮೊದಲ ಬಾರಿಗೆ ಓಡಿಸುವಾಗ, ‘ಅಳಿಸು’ ಎಂಬಲ್ಲಿ ‘ತೋರಿಸು’ ಎಂಬ ಆದೇಶವನ್ನಿಟ್ಟು ಯಾವ ಯಾವ ಕಡತಗಳು ಪಟ್ಟಿಯಲ್ಲಿ ಬರುತ್ತವೆಂದು ನೋಡಬೇಕು. ಅನಂತರವೂ ಮೂಲವನ್ನು ಮುಟ್ಟದೆ ಪ್ರತಿಯ ಮೇಲೆಯೇ ಪ್ರಯೋಗಿಸಬೇಕು. ಮರುಪ್ರತಿಯಿರುವ ಸಂಗ್ರಹವನ್ನು ಅಷ್ಟರಲ್ಲಿ ಕಳಚಿಟ್ಟಿರಬೇಕು.

ನಾಲ್ಕು: ಎಲ್ಲಿಂದ ತಂದದ್ದು, ಎಂದು ತಂದದ್ದು, ಯಾವ ಪರವಾನಗಿಯ ಅಡಿಯಲ್ಲಿ ತಂದದ್ದು ಎಂಬುದನ್ನು ಸಾಲುಗಳ ಮೇಲೆಯೇ ಟಿಪ್ಪಣಿಯಾಗಿ ಬರೆಯಬೇಕು. ಬರೆದವರನ್ನು ಹೆಸರಿಸುವುದು ಸೌಜನ್ಯವಷ್ಟೇ ಅಲ್ಲ, ಅನೇಕ ಪರವಾನಗಿಗಳಲ್ಲಿ ಕಡ್ಡಾಯವೂ ಹೌದು.

ಐದು: ತನ್ನದೇ ಒಂದು ಪುಟ್ಟ ಸಂಗ್ರಹವನ್ನು ಬೆಳೆಸಬೇಕು. ಪರೀಕ್ಷಿಸಿ, ಅರ್ಥ ಮಾಡಿಕೊಂಡು, ತಿದ್ದಿ ಇಟ್ಟ ಐವತ್ತು ತುಣುಕುಗಳು ಹುಡುಕಿದಾಗಲೆಲ್ಲ ಸಿಗುವ ಐದು ಸಾವಿರಕ್ಕಿಂತ ಮೇಲು.

ಈಚಿನ ವರ್ಷಗಳಲ್ಲಿ ಕೃತಕ ಬುದ್ಧಿಮತ್ತೆಯ ಉಪಕರಣಗಳು ಬಂದು, ಹುಡುಕುವ ಶ್ರಮವನ್ನೂ ತಪ್ಪಿಸಿವೆ. ಬೇಕಾದುದನ್ನು ಮಾತಿನಲ್ಲಿ ಕೇಳಿದರೆ ಸಾಲುಗಳು ತಾವಾಗಿ ಹರಿದುಬರುತ್ತವೆ. ಹೀಗಾದ ಮೇಲೆ ಈ ಶಿಸ್ತೆಲ್ಲ ಹಳತಾಯಿತೇ? ಇಲ್ಲ; ಇದರ ಅಗತ್ಯ ಹೆಚ್ಚಿತು. ಮೊದಲು ತುಣುಕಿನ ಕೆಳಗೆ ಬರೆದವರ ಹೆಸರಾದರೂ ಇರುತ್ತಿತ್ತು, ಬಲ್ಲವರು ಕೆಳಗೆ ಆಕ್ಷೇಪ ಬರೆದಿರುತ್ತಿದ್ದರು. ಈಗ ಬರುವ ಸಾಲುಗಳು ಅತ್ಯಂತ ಆತ್ಮವಿಶ್ವಾಸದಿಂದ ಬರುತ್ತವೆ, ಸರಿಯಿರಲಿ ತಪ್ಪಿರಲಿ ಒಂದೇ ಧ್ವನಿಯಲ್ಲಿ. ಅವನ್ನು ತೂಗಿ ನೋಡುವ ಹೊಣೆ ಸಂಪೂರ್ಣವಾಗಿ ಪಡೆದವರದೇ. ಬ್ಯಾಂಕಿನ ಲೆಕ್ಕ ತಪ್ಪಿದಾಗ, ರೋಗಿಯ ಔಷಧದ ಪ್ರಮಾಣ ತಪ್ಪಾಗಿ ಅಚ್ಚಾದಾಗ, ‘ಸಾಲುಗಳನ್ನು ಯಂತ್ರ ಕೊಟ್ಟಿತು’ ಎಂಬ ಉತ್ತರವನ್ನು ಯಾರೂ ಒಪ್ಪುವುದಿಲ್ಲ.

ಆದುದರಿಂದ ಹಿರಿಯರು ಮಕ್ಕಳನ್ನು ಕೇಳಬೇಕಾದ ಪ್ರಶ್ನೆ ‘ಇದನ್ನು ನೀನೇ ಬರೆದೆಯಾ?’ ಎಂಬುದಲ್ಲ. ‘ಇದರ ಪ್ರತಿ ಸಾಲೂ ಏನು ಮಾಡುತ್ತದೆಂದು ನನಗೆ ತಿಳಿಯುವಂತೆ ಹೇಳಬಲ್ಲೆಯಾ?’ ಎಂಬುದು. ಗಣಕಯಂತ್ರದ ಗಂಧವಿಲ್ಲದ ಅಜ್ಜಿಯೂ ಈ ಪ್ರಶ್ನೆಯನ್ನು ಕೇಳಬಹುದು. ಅದಕ್ಕೆ ತಡವರಿಸದೆ ಉತ್ತರ ಕೊಡುವ ಮೊಮ್ಮಗಳ ಕೈಯಲ್ಲಿ ಎರವಲು ತಂದ ನಾಲ್ಕು ಸಾಲುಗಳು ಅವಳ ಸ್ವಂತ ದುಡಿಮೆಯೇ ಆಗಿರುತ್ತವೆ. ಅವಳು ಪಡೆಯುವ ಸಂಬಳವೂ ನ್ಯಾಯವಾದದ್ದೇ.